ಮಸರಕಲ್ಲಿನ ಬಾವಿ, ಅಪ್ಪನ ಕೈ

ಕೊಳವೆಬಾವಿ ಕೊರೆಯುವ ದೊಡ್ಡ ಲಾರಿಗಳು ನಮ್ಮ ಸೀಮೆಯ ಹಳ್ಳಿಗಳನ್ನೆಲ್ಲ ಇನ್ನೂ ಹೊಕ್ಕಿರದ ಕಾಲವದು. ಬೇಸಿಗೆ ಬಂತೆಂದರೆ ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಕಂಪ್ರೆಷರ್ ಟ್ರ್ಯಾಕ್ಟರುಗಳ ಗುಡುಗು ಕೇಳುತ್ತಿತ್ತು. ತೆರೆದ ಬಾವಿಯೊಳಗೆ ಇಳಿದು, ತಳದ ಬಂಡೆಗೆ ತೂತು ಹಾಕಿ, ಮದ್ದು ಸಿಡಿಸಿ, ಬಾವಿಯನ್ನು ಇನ್ನಷ್ಟು ಆಳ ಮಾಡುತ್ತಿದ್ದರು. ನಮ್ಮಪ್ಪ ಹನುಮಂತ ಆ ತೂತು ಹಾಕುವವನು. ಟ್ರ್ಯಾಕ್ಟರಿನಿಂದ ರಬ್ಬರ್ ಪೈಪಿನಲ್ಲಿ ಬರುವ ಗಾಳಿಯ ರಭಸಕ್ಕೆ ಕುಣಿಯುವ ಡ್ರಿಲ್ಲನ್ನು ಎರಡೂ ಕೈಯಿಂದ ಅದುಮಿ ಹಿಡಿದು ನಿಲ್ಲುವುದೇ ಅವನ ಕಸುಬು. ಸಂಜೆ ಬಂದಾಗ ಅವನ ಅಂಗಿಯಲ್ಲಿ ಡೀಸೆಲ್ಲು, ಮದ್ದು, ಕಲ್ಲಿನ ಪುಡಿಯ ವಾಸನೆ. ನನಗೆ ಅದೇ ಅಪ್ಪನ ವಾಸನೆ.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅಪ್ಪನಿಗೆ ಮಸರಕಲ್ಲಿನಲ್ಲಿ ಬಾವಿಯ ಕೆಲಸ ಸಿಕ್ಕಿತು. ಅದು ಅವ್ವನ ತವರು. ಸಾಲೆಗೆ ಸೂಟಿ ಇತ್ತು. ಮಾನ್ವಿಯ ಮನೆಗೆ ಕೀಲಿ ಹಾಕಿ ಮೂವರೂ ಅಜ್ಜಿಯ ಮನೆಗೆ ಹೋದೆವು. ಅಪ್ಪನ ಜೊತೆಗಾರ ಮೌಲಾಲಿ ಕಾಕಾನೂ ಬಂದ. ತೂತಿಗೆ ಮದ್ದು ತುಂಬುವುದು ಅವನ ಕೆಲಸ. ಇಬ್ಬರೂ ಮೀಸೆ ಮೂಡುವ ವಯಸ್ಸಿನಿಂದ ಒಂದೇ ಟ್ರ್ಯಾಕ್ಟರಿನ ಹಿಂದೆ ತಿರುಗಿದವರು. ಊಟಕ್ಕೆ ಕೂತರೆ ಕಾಕಾ ಅಜ್ಜಿಯ ರೊಟ್ಟಿ, ಪುಂಡಿಪಲ್ಯ ಮುಗಿಸಿ, "ಯವ್ವಾ, ಶೇಂಗಾಹಿಂಡಿ ಬಚ್ಚಿಟ್ಟೀರೇನು?" ಎಂದು ಕೂಗುತ್ತಿದ್ದ. ಅಜ್ಜಿ ಬೈಯುತ್ತಲೇ ಬಡಿಸುತ್ತಿದ್ದಳು.

ನಾನು, ಮಾವನ ಮಗಳು ರತ್ನಿ ಇಬ್ಬರೂ ಬೇವಿನ ನೆರಳಲ್ಲಿ ಹರಳಾಟ ಆಡುತ್ತಿದ್ದೆವು. ಬೇಜಾರಾದರೆ ಬರಿಗಾಲಲ್ಲಿ ಜಾಲಿ ಗಿಡಗಳ ನಡುವೆ ಓಡುವುದು. ಮುಳ್ಳು ಚುಚ್ಚಿಕೊಂಡರೆ ಅಪ್ಪ ಇದ್ದನಲ್ಲ. ಮಾನ್ವಿಯ ನಮ್ಮ ಓಣಿಯ ಮಕ್ಕಳೆಲ್ಲ ಮುಳ್ಳು ತೆಗೆಸಿಕೊಳ್ಳಲು ಅವನ ಹತ್ತಿರವೇ ಬರುತ್ತಿದ್ದರು. ಹೆಬ್ಬೆರಳ ತುದಿಯಿಂದ ಹಿಮ್ಮಡಿ ಸವರಿ, ಮುರಿದ ಮುಳ್ಳು ಎಲ್ಲಿದೆಯೆಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದ. ಕತೆ ಹೇಳುತ್ತ ಸೂಜಿ ಆಡಿಸಿದರೆ ಮುಳ್ಳು ಹೊರಬಂದದ್ದೇ ತಿಳಿಯುತ್ತಿರಲಿಲ್ಲ.

ಆ ಸಲ ರತ್ನಿಯ ಕಾಲಿಗೆ ಮುಳ್ಳು ಮುರಿಯಿತು. ಅಪ್ಪ ಕಟ್ಟೆಯ ಮೇಲೆ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿಂದ ಸವರಿದ. ಮತ್ತೆ ಸವರಿದ.

"ಎಲ್ಲಿ ಅದ ಬೇ?"

"ಅಲ್ಲೇ ಅದ ಮಾಮಾ, ನಿನ್ನ ಬಳ್ಳಿನ ಕೆಳಗ!"

ಅವನು ಸೂಜಿ ಊರಿದ. ರತ್ನಿ ಚೀರಿದಳು. ಅಪ್ಪ ಇನ್ನೂ ಹುಡುಕುತ್ತಲೇ ಇದ್ದ, ಹಿಮ್ಮಡಿಯಿಂದ ರಕ್ತ ಹರಿದು ಅವನ ಧೋತರ ಕೆಂಪಾಯಿತು. ಅವ್ವ ಓಡಿ ಬಂದು ಸೂಜಿ ಕಸಿದುಕೊಂಡಳು.

"ಏನ್ ಮಾಡಾಕತ್ತಿ? ಕೂಸಿನ ಕಾಲು ತೋಡಾಕತ್ತೀಯೇನು?"

"ಕಲ್ಲಿನ ಪುಡಿಗಿ ತೊಗಲು ದಪ್ಪ ಆಗ್ಯಾದ," ಎಂದು ನಕ್ಕ. ನಗುತ್ತಲೇ ತನ್ನ ಹೆಬ್ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

ಅವ್ವ ಅಂದಿನಿಂದ ಅವನ ಕೈಗಳನ್ನೇ ನೋಡತೊಡಗಿದಳು. ಚಳಿಗಾಲದಲ್ಲಿ ಬೆಳಿಗ್ಗೆ ತಣ್ಣೀರಲ್ಲಿ ಮುಖ ತೊಳೆದರೆ ಅವನ ಬೆರಳುಗಳು ಬಳಪದ ಹಾಗೆ ಬೆಳ್ಳಗಾಗುತ್ತಿದ್ದುದು ಅವಳಿಗೆ ಗೊತ್ತಿತ್ತು. ಆದರೆ ಈಗ ಸುಡುವ ಚಹಾದ ಲೋಟವನ್ನೂ ಅವನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಆರಾಮಾಗಿ ಕೂತಿರುತ್ತಿದ್ದ. "ದವಾಖಾನಿಗಿ ತೋರ್ಸು" ಎಂದಳು. "ಬಾವಿ ಮುಗೀಲಿ" ಎಂದ.

ಬಾವಿ ಮುಗಿಯುವುದರಲ್ಲಿತ್ತು. ಆ ದಿನ ಸಂಜೆ ನಾನೂ ರತ್ನಿಯೂ ಚಹಾದ ಕಿತ್ತಲಿ ಹಿಡಿದು ಹೊಲಕ್ಕೆ ಹೋದೆವು. ಟ್ರ್ಯಾಕ್ಟರ್ ನಿಲ್ಲಿಸಿದ್ದರು. ಕೆಲಸ ಮುಗಿದ ಮೇಲೆ ಆಳುಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಯ ಗೋಡೆಯ ಕಲ್ಲುಗಳ ಮೇಲೆ ಕಾಲಿಡುತ್ತ ಹತ್ತಿ ಬರುತ್ತಿದ್ದರು. ಮೇಲೆ ಒಬ್ಬ ಹಗ್ಗ ಹಿಡಿದಿರಬೇಕು. ಕಾಕಾ ಹತ್ತುವಾಗ ಅಪ್ಪನೇ ಹಿಡಿಯಬೇಕು, ಬೇರೆಯವರು ಹಿಡಿದರೆ ಅವನು ಹತ್ತುತ್ತಿರಲಿಲ್ಲ.

ಅಪ್ಪ ಕಾಕಾನ ಹಗ್ಗ ಹಿಡಿದು ನಮ್ಮ ಕಡೆ ಮುಖ ಮಾಡಿ ನಿಂತಿದ್ದ. "ಬಂದ್ರೇನು ಯವ್ವಾ?" ಎಂದ. ಆಗ ಒಳಗೆ ಕಲ್ಲೊಂದು ಕಿತ್ತು ಬಿದ್ದ ಸದ್ದಾಯಿತು. ಹಗ್ಗ ಬಿಗಿಯಿತು, ಆಮೇಲೆ ಅಪ್ಪನ ಮುಷ್ಟಿಯೊಳಗಿಂದ ಸರಸರ ಓಡತೊಡಗಿತು. ಅಪ್ಪನ ಮುಖದಲ್ಲಿ ಮಾತ್ರ ನಮ್ಮನ್ನು ಕಂಡ ಖುಷಿ ಹಾಗೇ ಇತ್ತು.

"ಯಪ್ಪಾ, ಹಗ್ಗಾ!" ಎಂದು ಚೀರಿದೆ.

ಅವನು ತಲೆ ಬಗ್ಗಿಸಿ ಕೈ ನೋಡಿಕೊಂಡ. ಅಷ್ಟರಲ್ಲಿ ಬಾವಿಯೊಳಗಿಂದ ಕಾಕಾನ ಕೂಗು ಬಂತು, ಅದರ ಹಿಂದೆಯೇ ಆ ಸದ್ದು. ಅದನ್ನು ಬರೆಯಲಾರೆ.

ಕಾಕಾನನ್ನು ಮಂಚಕ್ಕೆ ಕಟ್ಟಿ, ಒಡೆದ ಕಲ್ಲು ಎತ್ತುವ ಕ್ರೇನಿನಿಂದ ಮೇಲೆತ್ತಿದರು. ಬಾಯಿ ಒಣಗಿತ್ತು, ಎಚ್ಚರವಿತ್ತು.

"ಯಾಕ ಬಿಟ್ಟಿ ಹನುಮ್ಯಾ?"

"ಬಿಟ್ಟಿಲ್ಲೋ ಮೌಲಾ. ಹಿಡ್ದೀನಿ, ನೋಡಿಲ್ಲಿ, ಇನ್ನಾ ಹಿಡ್ದೀನಿ," ಎಂದು ಅಪ್ಪ ಎರಡೂ ಮುಷ್ಟಿ ಚಾಚಿದ. ಬೆರಳು ಬಿಡಿಸಿದರೆ ಅಂಗೈ ತೊಗಲು ಕಿತ್ತು ರಕ್ತ ಸುರಿಯುತ್ತಿತ್ತು. ಅವನಿಗೆ ಅದೂ ಗೊತ್ತಾಗಿರಲಿಲ್ಲ. ಕುಡಿದು ನಿಂತಿದ್ದನೆಂದು ಯಾರೋ ಅಂದರು. ಹೊಲದ ಸಾಹುಕಾರ ಅವನ ಬಾಯಿ ಮೂಸಿ ನೋಡಿದ.

ದೇವದುರ್ಗದಲ್ಲಿ ಆಗುವುದಿಲ್ಲವೆಂದು ರಾಯಚೂರಿಗೆ ಒಯ್ದರು. ಕಾಕಾನ ಸೊಂಟದ ಎಲುಬು ಮುರಿದಿತ್ತು. ಅಲ್ಲಿ ಅಪ್ಪನ ಅಂಗೈಗೆ ಪಟ್ಟಿ ಕಟ್ಟುತ್ತಿದ್ದ ಡಾಕ್ಟರಮ್ಮ ಅವನನ್ನೇ ದಿಟ್ಟಿಸಿದರು. ಔಷಧ ಹಚ್ಚಿದರೂ ಅವನು ಮುಖ ಕಿವುಚಿರಲಿಲ್ಲ.

"ಕಣ್ಣ ಮುಚ್ಚರಿ. ಬಳ್ಳಾಗ ಏನು ಕೊಟ್ಟೀನಿ ಹೇಳ್ರಿ?"

ಅಪ್ಪ ಕಣ್ಣು ಮುಚ್ಚಿ ಕಾಯ್ದ. "ಇನ್ನಾ ಕೊಟ್ಟಿಲ್ಲಲ್ರೀ," ಎಂದ.

ಅವನ ಬೆರಳುಗಳ ನಡುವೆ ಕೀಲಿಕೈ ಇತ್ತು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಯಂತ್ರದ ನಡುಕ ಬೆರಳಿನ ನರಗಳನ್ನೂ ಸಣ್ಣ ರಕ್ತನಾಳಗಳನ್ನೂ ತಿಂದುಹಾಕಿದೆ ಎಂದು ಅವರು ತಿಳಿಸಿ ಹೇಳಿದರು. ಹೋದ ಸ್ಪರ್ಶ ತಿರುಗಿ ಬರುವುದು ಕಷ್ಟ ಎಂದರು. ಅಪ್ಪ ಅದೇ ಮಾತನ್ನು ಕಾಕಾನ ಮಂಚದ ಹತ್ತಿರ ಹೇಳಿದ. ಕಾಕಾ ಗೋಡೆಯ ಕಡೆ ಹೊರಳಿದ ಮುಖವನ್ನು ಈ ಕಡೆ ತಿರುಗಿಸಲಿಲ್ಲ. ಕೋಲು ಹಿಡಿದು ನಡೆಯುವಂತಾದ ಮೇಲೆ ಅವನು ಸಿರವಾರದ ಮಗಳ ಮನೆ ಸೇರಿದ. ಅಪ್ಪ ಒಂದೆರಡು ಸಲ ಹೋಗಿ ಬಂದ. "ಮನ್ಯಾಗ ಇಲ್ಲ ಅಂದ್ರು," ಎಂದ. ಆಮೇಲೆ ಹೋಗಲಿಲ್ಲ. ಕಾಕಾ ತೀರಿಕೊಂಡ ಸುದ್ದಿ ನಮಗೆ ತಲುಪುವಾಗ ಮಣ್ಣು ಮುಗಿದಿತ್ತು.

ನಾನೀಗ ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಯಂತ್ರಗಳ ಕಂಪನದ ಪಾಠ ಹೇಳುತ್ತೇನೆ. ನಡುಗುವ ಯಂತ್ರವನ್ನು ಹಿಡಿದ ಕೈ ಆ ಯಂತ್ರದ ಭಾಗವೇ ಆಗಿಬಿಡುತ್ತದೆ. ಹಿಡಿತ ಬಿಗಿಯಾದಂತೆ ನಡುಕ ಇನ್ನೂ ಮೇಲಕ್ಕೆ ಹತ್ತುತ್ತದೆ, ಅದೂ ಒಂದಕ್ಕೆ ಒಂದು ಎಂಬ ನೇರ ಲೆಕ್ಕದಲ್ಲಲ್ಲ. ಸ್ಪರ್ಶ ಕಡಿಮೆಯಾದಂತೆ ಅಪ್ಪ ಡ್ರಿಲ್ ಜಾರೀತೆಂದು ಇನ್ನಷ್ಟು ಬಿಗಿ ಹಿಡಿದ. ಬಿಗಿ ಹಿಡಿದಂತೆ ಉಳಿದ ಸ್ಪರ್ಶವೂ ಹೋಯಿತು. ಇದನ್ನು ಬೋರ್ಡಿನ ಮೇಲೆ ಸುತ್ತುವ ಬಾಣಗಳಾಗಿ ಬರೆದಾಗ ಒಬ್ಬ ಹುಡುಗಿ, "ಇದನ್ನ ಎಲ್ಲಿ ಕಡೀಬೇಕ್ರಿ ಮೇಡಂ?" ಎಂದು ಕೇಳಿದಳು. ಹಿಡಿಕೆಗೆ ಸ್ಪ್ರಿಂಗ್ ಹಾಕಬೇಕು, ನಡುಕ ನುಂಗುವ ರಬ್ಬರ್ ಹಾಕಬೇಕು, ಕೆಲಸದ ನಡುವೆ ಕೈಗೆ ಬಿಡುವು ಕೊಡಬೇಕು ಎಂದೆ. ಉತ್ತರ ಸರಿಯಾಗಿತ್ತು. ನನ್ನ ಅಪ್ಪನಿಗೆ ಅದರಿಂದ ಏನೂ ಆಗುವುದಿರಲಿಲ್ಲ. ನಾನು ಓದಿದ್ದೆಲ್ಲ ಹೀಗೆ, ಆಗಿಹೋದದ್ದು ಯಾಕಾಯಿತೆಂದು ಹೇಳುವುದಕ್ಕಷ್ಟೇ ಬಂತು.

ಆ ಬಾವಿಯಲ್ಲಿ ನೀರು ಬಂದಿತ್ತಂತೆ. ಈಗ ಮುಚ್ಚಿದ್ದಾರೆ, ಮೇಲೆ ಹತ್ತಿ ಬೆಳೆಯುತ್ತಾರೆ. ಅಜ್ಜಿ ಇಲ್ಲ. ರತ್ನಿ ಎಲ್ಲೋ ಆಂಧ್ರದ ಕಡೆ ಇದ್ದಾಳೆ, ಅವಳ ದನಿಯೂ ಮರೆಯುತ್ತಿದೆ.

ಹೋದ ವರ್ಷ ಅವ್ವ ದವಾಖಾನೆಯಲ್ಲಿದ್ದಳು. ಒಂದು ಮಧ್ಯಾಹ್ನ ನಾನು ಎಳನೀರು ತರಲು ಹೋಗಿ ಬಂದೆ. ಅಪ್ಪ ಮಂಚದ ಪಕ್ಕ ಕೂತು ಅವ್ವನ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದಿದ್ದ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದ.

"ಸಾವಕಾಶ ಮಾತಾಡು ಯವ್ವಾ. ಈಗರ ನಿದ್ದಿ ಹತ್ಯಾದ ಅಕಿಗಿ."

ನಾನು ಅವ್ವನ ಕೈ ಮುಟ್ಟಿದೆ. ಅದು ಆಗಲೇ ತಣ್ಣಗಾಗಿತ್ತು. ಅಪ್ಪ ಮತ್ತೆ ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡು ಕೂತ.