ತಾಗಾದ ತುದಿಯ ಹಸಿರು ದಾರ

ಹೋದ ವರ್ಷ ಕೊಲ್ಹಾಪುರದ ಒಂದು ನರ್ಸಿಂಗ್ ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದರು. ‘ನನ್ನನ್ನು ರೂಪಿಸಿದವರು’ ಎಂಬುದು ವಿಷಯ. ನಾನು ಗಡಹಿಂಗ್ಲಜದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಮುಂಜಾನೆಯಿಂದ ಸಂಜೆಯತನಕ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುತ್ತೇನೆ, ಮನೆಗೆ ಹೋಗಿ ರೊಟ್ಟಿ ಬಡಿಯುತ್ತೇನೆ. ಇಂಥವಳನ್ನು ರೂಪಿಸಿದವರು ಯಾರೆಂದು ತಿಳಿಯುವ ಆಸೆ ಯಾರಿಗಿರುತ್ತದೆ? ಬರಬೇಕಾಗಿದ್ದ ದೊಡ್ಡ ಡಾಕ್ಟರು ಯಾರೋ ಕೈಕೊಟ್ಟಿರಬೇಕು ಎಂದುಕೊಂಡೆ. ಆದರೂ ಒಪ್ಪಿಕೊಂಡೆ. ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ?

ಭಾಷಣವನ್ನು ಮರಾಠಿಯಲ್ಲಿ ಮಾಡಿದೆ. ಗುರುಗಳ ಬಗ್ಗೆ ಹೇಳುತ್ತೇನೆಂದು ಎಲ್ಲರೂ ಕಾದಿದ್ದರು. ನಾನು ಇಚಲಕರಂಜಿಯ ಮಾವಶಿಯ ಬಗ್ಗೆ ಹೇಳಿದೆ. ಅವಳು ನನಗೆ ಸಂಬಂಧಿಯಲ್ಲ. ನಾನು ಹನ್ನೆರಡನೆಯ ಇಯತ್ತೆಯಲ್ಲಿ ನಪಾಸಾಗಿ ಒಂದು ವರ್ಷ ಪವರ್‌ಲೂಮ್ ಕಾರಖಾನೆಯೊಂದರಲ್ಲಿ ದುಡಿದಾಗ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹೆಂಗಸು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನೋಡುವುದು ಹೇಗೆಂದು ನನಗೆ ಕಲಿಸಿದವಳು ಅವಳೇ ಎಂದೆ. ಹುಡುಗಿಯರು ಜೋರಾಗಿ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಬಸ್ಸಿನಲ್ಲಿ ಆ ಕಾಯಿಯನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟುಕೊಂಡು ಗಡಹಿಂಗ್ಲಜಕ್ಕೆ ಬಂದೆ.

ಮೂರನೆಯ ದಿನ ಮಾವಶಿಯ ಫೋನು ಬಂತು. ಎಷ್ಟೋ ವರ್ಷಗಳ ಮೇಲೆ ಕೇಳಿದರೂ ಆ ಒಡಕು ದನಿಯ ಗುರುತು ಸಿಕ್ಕಿತು.

“ನಿನ್ನ ಭಾಷಣ ಕೇಳಿದೆವಾ. ಮಗಳು ಫೋನಿನ್ಯಾಗ ತೋರಿಸಿದ್ಲು. ಛಲೋ ಮಾತಾಡಿದಿ.”

ನನಗೆ ಹಿಗ್ಗೋ ಹಿಗ್ಗು. ನಿಮ್ಮಿಂದಲೇ ಇದೆಲ್ಲ ಎಂದು ಶುರು ಮಾಡಿದೆ. ಅವಳು ನಡುವೆಯೇ ತಡೆದಳು.

“ಎಲ್ಲಾ ಹೇಳಿದಿ. ಆ ತಾಗಾದ ಮಾತೊಂದ ಹೇಳಲಿಲ್ಲ.”

ಅಲ್ಲಿಯವರೆಗೆ ಇಪ್ಪತ್ತೆರಡು ವರ್ಷ ನಾನು ಯಾರಿಗೂ ಹೇಳದಿದ್ದ ಮಾತು ಅದು. ಗಂಡನಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಮಗ್ಗದಿಂದ ಇಳಿದ ಬಟ್ಟೆಯ ಪೂರ್ತಿ ಸುರುಳಿಗೆ ತಾಗಾ ಎನ್ನುತ್ತಾರೆ. ಅದು ಬಣ್ಣ ಹಾಕಲು ಹೋಗುವ ಮೊದಲು ಅಂಗುಲ ಅಂಗುಲ ನೋಡಬೇಕು. ಎಳೆ ತಪ್ಪಿದೆಯೇ, ಎಲ್ಲಿಯಾದರೂ ಎರಡು ಎಳೆ ಕೂಡಿದೆಯೇ, ಎಣ್ಣೆ ಬಿದ್ದಿದೆಯೇ ಎಂದು ನೋಡುವುದು, ಚಿಮುಟದಿಂದ ಎಳೆದು ಸೂಜಿಯಿಂದ ಸರಿಮಾಡುವುದು, ಇದು ನಮ್ಮ ಕೆಲಸ. ಸರಿಯಾಗದ ದೋಷವಿದ್ದರೆ ಬಟ್ಟೆಯ ಅಂಚಿಗೆ ಕೆಂಪು ದಾರ ಕಟ್ಟಬೇಕು, ಮುಂದಿನವರು ಅಲ್ಲಿ ಕತ್ತರಿಸುತ್ತಾರೆ. ಪೂರ್ತಿ ನೋಡಿ ಮುಗಿಸಿದ ಮೇಲೆ ತಾಗಾದ ತುದಿಗೆ ಅವರವರ ಬಣ್ಣದ ದಾರ. ಅದು ನಮ್ಮ ಸಹಿ. ಪಾಲಿಸ್ಟರ್ ದಾರವಾದ್ದರಿಂದ ಹತ್ತಿ ಬಟ್ಟೆಯ ಬಣ್ಣ ಅದಕ್ಕೆ ಹತ್ತುವುದಿಲ್ಲ. ಬಟ್ಟೆ ಕಪ್ಪಾಗಲಿ ನೀಲಿಯಾಗಲಿ, ಯಾರು ನೋಡಿದ್ದೆಂದು ಗೊತ್ತಾಗಿಬಿಡುತ್ತದೆ. ನನ್ನದು ಹಳದಿ, ಮಾವಶಿಯದು ಹಸಿರು. ತೆಳು ನೂಲಿನ ಬಾರೀಕು ಬಟ್ಟೆ, ಪರದೇಶಕ್ಕೆ ಹೋಗುವ ಮಾಲು, ಎಲ್ಲ ಹಸಿರು ದಾರದ ಮೇಜಿಗೇ.

ಅವಳು ಬಟ್ಟೆಯನ್ನು ಮೊದಲು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ. ಎಡಗೈಯನ್ನು ಅಗಲಿಸಿ ಬಟ್ಟೆಯ ಮೇಲೆ ಸವರಿಕೊಂಡು ಹೋಗಿ, ಗಕ್ಕನೆ ನಿಂತು, ಆಮೇಲೆ ಬಗ್ಗಿ ನೋಡುತ್ತಿದ್ದಳು. “ಮೊದಲ ಕೈಲೆ ನೋಡ, ಆಮ್ಯಾಲೆ ಕಣ್ಣೀಲೆ” ಎಂದು ನನ್ನ ಕೈ ಹಿಡಿದು ಬಟ್ಟೆಯ ಮೇಲೆ ಆಡಿಸಿದವಳು. ಕೆಲಸ ಮುಗಿದಾಗ ಹಸಿರು ದಾರ ಕಟ್ಟಿ, ಕತ್ತರಿ ಎದುರಿಗೇ ಇದ್ದರೂ, ತುದಿಯನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಮಾಲಕ ಎಷ್ಟು ಬೈದರೂ ಆ ಚಟ ಬಿಡಲಿಲ್ಲ.

ಒಂದು ದಿನ ಅವಳ ತಂಗಿಯ ಮಗಳ ನಿಶ್ಚಿತಾರ್ಥ, ಗಡಹಿಂಗ್ಲಜದಲ್ಲಿ. ಮೇಜಿನ ಮೇಲೆ ತಾಗಾ ಅರ್ಧವಾಗಿತ್ತು. ಸಂಜೆಯೊಳಗೆ ಅದು ಬಣ್ಣಕ್ಕೆ ಹೋಗಬೇಕು. “ಉಳಿದ ಅರ್ಧ ನೀ ನೋಡವಾ. ಮುಗದ ಮ್ಯಾಲೆ ನನ್ನ ದಾರ ಕಟ್ಟ” ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೋದಳು. ಅವಳ ಮೇಜು ನನಗೆ ಸಿಕ್ಕಿದ್ದಕ್ಕೆ ನಾನು ಮೆರೆಯಬೇಕಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ ನನ್ನ ಜೊತೆ ಓದಿದ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಅವಳು ಪಾಸಾಗಿದ್ದಳು, ಕಾಲೇಜಿನ ಬ್ಯಾಗು ಹೆಗಲಲ್ಲಿತ್ತು. ಕಬ್ಬಿನ ಹಾಲು ಕುಡಿಯೋಣ ಬಾ ಎಂದಳು. ಹತ್ತು ನಿಮಿಷ ಎಂದು ಹೋದವಳು ಅವಳ ಕಾಲೇಜಿನ ಕಥೆ ಕೇಳುತ್ತ, ಹೊಟ್ಟೆ ಉರಿಸಿಕೊಳ್ಳುತ್ತ, ಬಣ್ಣಕ್ಕೆ ಮಾಲು ಒಯ್ಯುವ ಟೆಂಪೊ ಬಾಗಿಲಿಗೆ ಬರುವ ಹೊತ್ತಿಗೆ ತಿರುಗಿ ಬಂದೆ. ಉಳಿದ ಅರ್ಧವನ್ನು ನೋಡದೆ ಸುತ್ತಿ, ಹಸಿರು ದಾರ ಕಟ್ಟಿ ಕೊಟ್ಟೆ.

ಮರುದಿನ ಮಾವಶಿ ನನಗೆ ನಿಶ್ಚಿತಾರ್ಥದ ಪೇಢೆ ಕೊಡುತ್ತ ಕೇಳಿದಳು. “ಪೂರಾ ನೋಡಿದಿ?”

“ಹೂಂನ್ರಿ, ನೋಡೇನಿ.” ಪೇಢೆ ಬಾಯಲ್ಲಿತ್ತು.

ಹದಿನೈದು ದಿನಕ್ಕೆ ತಾಗಾ ವಾಪಸ್ ಬಂತು. ಕಡುನೀಲಿ ಬಣ್ಣದ ಬಟ್ಟೆಯ ನಡುವೆ ಗೇಣಗಲದ ಬೆಳ್ಳನೆಯ ಪಟ್ಟಿ. ಮಗ್ಗದವನು ಲಾಳಿಯೊಳಗೆ ದಪ್ಪ ಪಾಲಿಸ್ಟರ್ ನೂಲಿನ ಕಂಡಿ ತಪ್ಪಿ ಹಾಕಿದ್ದ. ಕೈ ಆಡಿಸಿದ್ದರೆ ಕುರುಡರಿಗೂ ತಿಳಿಯುವಂಥ ದೋಷ. ಮಾಲಕ ಬಟ್ಟೆಯನ್ನು ನಮ್ಮೆಲ್ಲರ ಮುಂದೆ ಹರಡಿ, ತುದಿಯ ದಾರ ಎತ್ತಿ ತೋರಿಸಿ, ಇದು ಯಾರದೆಂದು ಮರಾಠಿಯಲ್ಲಿ ಕೇಳಿದ.

ಮಾವಶಿ ನನ್ನ ಕಡೆ ಒಂದು ಸಲ ನೋಡಿದಳು. ನಾನು ನೆಲ ನೋಡಿದೆ.

“ಹಸರ ದಾರ ನಂದ್ರಿ. ತಪ್ಪೂ ನಂದ” ಎಂದಳು.

ಅವತ್ತೇ ಅವಳನ್ನು ಆ ಮೇಜಿನಿಂದ ಎಬ್ಬಿಸಿ ಬಟ್ಟೆ ಮಡಚುವ ಕಡೆ ಹಾಕಿದರು. ಅವಳ ಜಾಗಕ್ಕೆ ಯಾರನ್ನು ಕೂರಿಸಿದರು ಗೊತ್ತೇ? ನನ್ನನ್ನು. ನಾನು ಕೂತೆ. ಎದ್ದು ನಿಂತು ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆಮೇಲೆ ಆರು ತಿಂಗಳು ಅಲ್ಲೇ ದುಡಿದೆ, ಅಷ್ಟೂ ದಿನ ಹೇಳಲಿಲ್ಲ. ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಒಮ್ಮೆ ಅಳುತ್ತ ಅವಳ ಕಾಲಿಗೆ ಬೀಳಹೋದೆ. ಅವಳು ಬಿಡಲಿಲ್ಲ. “ನೀ ನೋಡೇನಿ ಅಂದಿ, ನಾ ನಂಬಿದೆ. ನಾನೂ ಒಮ್ಮೆ ನೋಡೂತನಕ ತಾಗಾ ಕಳಸಗೊಡಬಾರದಿತ್ತು. ದಾರ ನಂದಲ್ಲೇನ?” ಎಂದು ತರಕಾರಿ ಕೊಳ್ಳಲು ನಿಂತಳು. ಒಂದು ಬೈಗುಳ ಬೈದಿದ್ದರೆ ನಾನು ಅದನ್ನು ಅಲ್ಲಿಗೆ ಮರೆತುಬಿಡುತ್ತಿದ್ದೆನೋ ಏನೋ.

ಮರೆಯಲಿಲ್ಲ. ಮುಂದೆ ಪಾಸಾಗಿ, ಕೊಲ್ಹಾಪುರದಲ್ಲಿ ಲ್ಯಾಬಿನ ಕೋರ್ಸು ಮಾಡಿ, ಗಡಹಿಂಗ್ಲಜಕ್ಕೆ ಕೆಲಸಕ್ಕೆ ಬಂದ ಮೇಲೆ, ನೋಡದ ಸ್ಲೈಡಿಗೆ ನಾನು ಒಂದು ದಿನವೂ ಸಹಿ ಹಾಕಿಲ್ಲ. ಜೊತೆಯ ಹುಡುಗಿ “ನೋಡೇನ್ರಿ ಮೇಡಂ” ಎಂದರೆ ಸಾಲದು, ನಾನೂ ನೋಡಬೇಕು. ಇದರಿಂದ ರಿಪೋರ್ಟು ತಡವಾಗುತ್ತದೆ. ಉತ್ತೂರಿನಿಂದ ಬಂದ ಪೇಶಂಟುಗಳು ಬಸ್ಸು ತಪ್ಪಿತೆಂದು ಬೈಯುತ್ತಾರೆ. ಮೇಡಂ ಮದುವೆಯಲ್ಲಿ ಗಂಡನ ಮುಖವನ್ನೂ ಎರಡು ಸಲ ನೋಡಿ ಮಾಲೆ ಹಾಕಿದ್ದಾರಂತೆ ಎಂದು ಹುಡುಗಿಯರು ಆಡಿಕೊಳ್ಳುತ್ತಾರೆ. ಭಾಷಣದಲ್ಲಿ ಈ ಶಿಸ್ತಿನ ಬಗ್ಗೆ ಉದ್ದಕ್ಕೆ ಹೇಳಿದ್ದೆ. ಅದು ಎಲ್ಲಿಂದ ಬಂತೆಂಬುದನ್ನು ಮಾತ್ರ ನುಂಗಿಕೊಂಡಿದ್ದೆ.

ಫೋನಿನಲ್ಲಿ ಮಾವಶಿ ಮುಂದುವರಿಸಿದಳು. “ನನಗ ಏನೂ ಬ್ಯಾಡವಾ. ಮಗಳು ಅದ ಕಾರಖಾನ್ಯಾಗ ಕುಂದರತಾಳ, ಹನ್ನೊಂದ ವರ್ಷ ಆತು. ಬಾರೀಕ ಮಾಲು ಆಕಿ ಟೇಬಲ್ಲಿಗೆ ಕೊಡೂದಿಲ್ಲ. ಆಕಿ ಅವ್ವ ನೋಡಲಾರದ ದಾರ ಕಟ್ಟಿದಾಕಿ ಅಂತಾರ. ಮಂದಿ ಏನರ ಅನ್ನಲಿ. ಮಗಳೂ ಅದನ್ನ ನಂಬ್ಯಾಳ.”

“ನೀವ್ಯಾಕ ಆಕೀಗೆ ಹೇಳಲಿಲ್ಲ?”

“ನಾ ಹೇಳಿದ್ರ ಅವ್ವ ತನ್ನ ತಪ್ಪ ಮಂದಿ ಮ್ಯಾಲೆ ಹಾಕಾಕತ್ಯಾಳ ಅಂತಾಳ. ನೀ ಬಂದು ಹೇಳ.”

ಬರುತ್ತೇನೆ ಎಂದೆ. ಹೋಗಲಿಲ್ಲ. ಡೆಂಗ್ಯೂ ಹೆಚ್ಚಿದೆ, ಲ್ಯಾಬಿನಲ್ಲಿ ಮಂದಿ ಸಾಲು ನಿಂತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡು ಮೂರು ವಾರ ತಳ್ಳಿದೆ. ನಿಜವೇನೆಂದರೆ, ಶಾಲು ಹೊದ್ದುಕೊಂಡವಳಿಗೆ ಅದನ್ನು ತೆಗೆಯುವುದು ಕಷ್ಟ. ಕೊನೆಗೆ ಗಂಡನಿಗೆ ಹೇಳಿದೆ. ಅವನು ಊಟದ ತಾಟಿನಿಂದ ತಲೆ ಎತ್ತಿ, “ನಾಳೆ ಹೋಗ” ಎಂದ, ಅಷ್ಟೇ.

ನಿಪ್ಪಾಣಿ ದಾಟಿ ಇಚಲಕರಂಜಿ ಮುಟ್ಟುವ ಹೊತ್ತಿಗೆ ಊಟದ ಬಿಡುವು. ಮೊದಲೇ ಫೋನು ಮಾಡಿದ್ದೆ, ಮಾವಶಿ ಗೇಟಿನ ಹತ್ತಿರವೇ ನಿಂತಿದ್ದಳು. ಮೊದಲಿಗಿಂತ ಕುಗ್ಗಿದ್ದಾಳೆ, ಕಣ್ಣಿಗೆ ದಪ್ಪ ಚಾಳೀಸು. ಕಾರಖಾನೆಯನ್ನು ಈಗ ಮಾಲಕನ ಮಗ ನಡೆಸುತ್ತಾನೆ. ಹೊಸ ಮಗ್ಗಗಳು ಬಂದಿವೆ, ಆದರೆ ಬಟ್ಟೆ ನೋಡುವ ಇಳಿಜಾರು ಮೇಜುಗಳು ಅವೇ. ಏಳೆಂಟು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮಾವಶಿಯ ಮಗಳು ಗೋಡೆಯ ಕಡೆಯ ಮೇಜಿನಲ್ಲಿದ್ದಳು. ಅವಳ ದಾರ ಗುಲಾಬಿ. ಆ ದಿನದ ನಂತರ ಅಲ್ಲಿ ಯಾರೂ ಹಸಿರು ದಾರ ತೆಗೆದುಕೊಂಡಿಲ್ಲವಂತೆ, ಅದು ಅಪಶಕುನವೆಂದು.

ಎಲ್ಲರ ಮುಂದೆ ನಿಂತುಕೊಂಡೇ ಹೇಳಿದೆ. ಭಾಷಣ ಮಾಡುವಾಗ ಬಂದ ಮಾತು ಇಲ್ಲಿ ಬರಲಿಲ್ಲ. ಕಬ್ಬಿನ ಹಾಲು, ಟೆಂಪೊ, ನೋಡದ ಅರ್ಧ, ಬಾಯಲ್ಲಿ ಪೇಢೆ ಇಟ್ಟುಕೊಂಡು ಹೇಳಿದ ಸುಳ್ಳು, ಎಲ್ಲವನ್ನೂ ತೊದಲುತ್ತ ಹೇಳಿ ಮುಗಿಸಿದೆ.

ಬಾಗಿಲಿಗೆ ಬಂದು ಕೇಳುತ್ತಿದ್ದ ಮಾಲಕನ ಮಗ ಒಳ್ಳೆಯವನು. “ಭಾಳ ಹಳೇ ಮಾತ್ರಿ ಅದು. ಬಿಟ್ಟ ಬಿಡ್ರಿ” ಎಂದ.

“ಯಾಕ ಬಿಡಬೇಕ?” ಎಂದಳು ಮಾವಶಿ. ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಇಪ್ಪತ್ತೆರಡ ವರ್ಷ ನಾ ಬಿಟ್ಟೇನೇನ?”

ಅವಳೊಳಗೆ ಅಷ್ಟು ಸಿಟ್ಟಿತ್ತೆಂದು ನನಗೆ ಅಂದೇ ತಿಳಿದದ್ದು. ಅವಳದು ಬರೀ ದೊಡ್ಡ ಮನಸ್ಸು ಎಂದು ತಿಳಿದು ನಾನು ಇಷ್ಟು ವರ್ಷ ಆರಾಮಾಗಿ ಇದ್ದೆ.

ಮಗಳು ಬುತ್ತಿ ಮುಚ್ಚಿಟ್ಟಳು. ಕೈ ತೊಳೆದು ಬಂದಳು. ತನ್ನ ಮೇಜಿನ ಮೇಲಿದ್ದ ತಾಗಾವನ್ನು ತೋರಿಸಿ ನನಗೆ ಹೇಳಿದಳು: “ಅರ್ಧ ಆಗೇತಿ. ಉಳಿದದ್ದ ನೀವ ನೋಡ್ರಿ.”

ಕೂತೆ. ಎಡಗೈ ಅಗಲಿಸಿ ಬಟ್ಟೆಯ ಮೇಲಿಟ್ಟೆ. ಕೈ ಮರೆತಿರಲಿಲ್ಲ. ಬಿಡುವು ಮುಗಿದು ಮಗ್ಗಗಳು ಮತ್ತೆ ಶುರುವಾದವು, ಮಾತು ಕೇಳಿಸದಂತಾಯಿತು. ಒಂದೂವರೆ ತಾಸು ತಲೆ ಎತ್ತದೆ ನೋಡಿದೆ. ನಾಲ್ಕು ದೋಷ ಹಿಡಿದು ಸರಿಮಾಡಿದೆ, ಒಂದು ಕಡೆ ಅಂಚಿಗೆ ಕೆಂಪು ದಾರ ಕಟ್ಟಿದೆ. ಕುತ್ತಿಗೆ ಸೆಟೆದುಹೋಗಿತ್ತು.

“ನೋಡೇನಿ” ಎಂದೆ, ಮಗಳ ಕಿವಿಯ ಹತ್ತಿರ ಬಾಗಿ. “ಪೂರಾ ನೋಡೇನಿ.”

ಅವಳು ತಲೆಯಾಡಿಸಿದಳು. ಆಮೇಲೆ ತಾಗಾವನ್ನು ಹಿಂದಕ್ಕೆ ಬಿಚ್ಚಿ, ನಾನು ಶುರು ಮಾಡಿದ್ದ ಜಾಗದಿಂದಲೇ ತಾನು ನೋಡಲು ಕೂತಳು. ಅವಸರವಿಲ್ಲದೆ, ಕೈ ಮುಂದೆ, ಕಣ್ಣು ಹಿಂದೆ. ಕೊನೆಗೆ ಎರಡು ಮಾರು ಇರುವಾಗ ಅವಳ ಕೈ ನಿಂತಿತು. ನಾನು ಬಿಟ್ಟ ಎಳೆಯೊಂದು ಅಲ್ಲಿತ್ತು. ನನ್ನ ಮುಖ ನೋಡಲಿಲ್ಲ. ಚಿಮುಟ ತೆಗೆದುಕೊಂಡು ಸರಿಮಾಡಿದಳು.

ಗುಲಾಬಿ ದಾರದ ಉಂಡೆ ಮೇಜಿನ ಮೇಲೇ ಇತ್ತು. ಅವಳು ಅದನ್ನು ಮುಟ್ಟದೆ ಎದ್ದು, ಗೋಡೆಯ ಹಲಗೆಯ ಮೇಲಿದ್ದ ಹಳೆಯ ತಗಡಿನ ಡಬ್ಬಿ ಇಳಿಸಿ, ತಳದವರೆಗೆ ಕೆದರಿ ಹಸಿರು ದಾರ ತೆಗೆದಳು. ಮಾವಶಿ ಬಾಗಿಲಲ್ಲಿ ನಿಂತವಳು ಹತ್ತಿರ ಬಂದಳು. ಮಗಳು ತಾಗಾದ ತುದಿಗೆ ಹಸಿರು ದಾರ ಕಟ್ಟಿ, ಗಂಟು ಬಿಗಿದು, ಕತ್ತರಿ ಎದುರಿಗೇ ಇದ್ದರೂ, ಬಗ್ಗಿ ಹಲ್ಲಿನಿಂದ ಕಡಿದಳು.