ಸೆರಗಿಲ್ಲದವಳ ಉಡಿ

ಎರಡನೆಯ ಮಹಾಯುದ್ಧದ ಕಾಲ. ಪತ್ರಿಕೆಯ ಕೆಲಸಕ್ಕೆ ಸೇರುವ ಮುಂಚೆ ನಾನು ಮಿಷನ್ ಆಸ್ಪತ್ರೆಯಲ್ಲಿ ದುಭಾಷಿಯಾಗಿದ್ದೆ. ಕಡಲಾಚೆಯಿಂದ ಸೇವೆಗೆ ಬಂದಿದ್ದ, ಮದುವೆಯಾಗದ ಡಾಕ್ಟರ್ ಬಾಯಿಯವರ ಜೊತೆ ಹಾನಗಲ್ಲು, ಸವಣೂರು, ಹಿರೇಕೆರೂರು ಎಲ್ಲ ಸುತ್ತಿದ್ದೆ. ಎಲ್ಲಿ ಹೋದರೂ ನನ್ನ ಗೋಳು ಒಂದೇ: ರೋಗಿಯನ್ನು ನೋಡಲು ಅರ್ಧ ತಾಸು, ಊರವರಿಂದ ಬಿಡಿಸಿಕೊಂಡು ಹೊರಡಲು ಎರಡು ತಾಸು.

ಹಿರೇಬೆಂಡಿಗೇರಿಯಲ್ಲಂತೂ ಮೂರು ದಿನ ಹೋಯಿತು. ಒಂದು ಒಕ್ಕಲು ಮನೆಯ ಸೊಸೆಗೆ ಎಂಟು ತಿಂಗಳು. ಮೊದಲ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ. ಈಗ ಕಾಲು, ಮುಖ ಬಾತಿದ್ದವು. ಆಸ್ಪತ್ರೆಗೆ ಬಾರದಿದ್ದರೆ ಈ ಸಲ ತಾಯಿಯೂ ಉಳಿಯುವುದಿಲ್ಲ ಎಂದರು ಬಾಯಿಯವರು. ನಾನು ಅದನ್ನು ಅತ್ತೆಗೆ ಹೇಳಿ ಹೇಳಿ ಗಂಟಲು ಕಟ್ಟಿತು. ಆಕೆಯ ಉತ್ತರ ಬದಲಾಗಲಿಲ್ಲ.

"ನೀವು ಹೇಳೂದು ಖರೇ ಇರಬಹುದ್ರಿ. ಬಂಧು ಅಲ್ಲ, ಬಳಗ ಅಲ್ಲ, ಬಸರಿ ಹೆಣಮಗಳನ್ನ ಹೆಂಗ ಕಳಸ್ಲಿ?"

ನಾಲ್ಕನೆಯ ದಿನ ಸೋತು ಗಾಡಿ ಹೂಡಿಸಿದೆ. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಶಿಗ್ಗಾವಿಯಿಂದ ಇದ್ದಿಲಿನಿಂದ ಓಡುವ ಬಸ್ಸು ದಿನಕ್ಕೆ ಒಂದೇ. ಆಗ ಅತ್ತೆ ಮಣೆ ಹಾಕಿದಳು. "ಬರಿಗೈಲೆ ಕಳಸಬಾರ್ದು. ಉಡಿ ತುಂಬ್ತೇನಿ."

ಹೂಡಿದ ಎತ್ತುಗಳನ್ನು ಮತ್ತೆ ಬಿಚ್ಚಿಸಬೇಕಾಯಿತು. ಉಡಿ ತುಂಬಲು ಸೆರಗು ಬೇಕು, ಬಾಯಿಯವರದು ಲಂಗ. ನೆರೆದ ಹೆಂಗಸರು ಇದನ್ನೇ ಕಾಲು ತಾಸು ಚರ್ಚಿಸಿ, ಕೊನೆಗೆ ಒಂದು ಸೀರೆಯನ್ನು ಅವರ ಹೆಗಲಿಗೆ ಹೊದಿಸಿ ಅದರ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣ ಹಾಕಿದರು. ಮುಂದೇನು ಮಾಡಬೇಕೆಂದು ಬಾಯಿಯವರು ನನ್ನ ಕಡೆ ನೋಡಿದರು. ಮಿಷನ್ ಕಂಪೌಂಡಿನಲ್ಲಿ ಬೆಳೆದ ನಾನು ಬೇಲಿಯಾಚೆ ಕಂಡದ್ದಿಷ್ಟೇ: ಉಡಿಯಿಂದ ಏನನ್ನೋ ಮನೆಗೆ ಮರಳಿ ಕೊಡುತ್ತಾರೆ.

"ವಾಪಸ್ ಕೊಡಿ, ಪದ್ಧತಿ ಹಾಗೇ," ಎಂದೆ, ಬಸ್ಸಿನ ಅವಸರದಲ್ಲಿ.

ಅವರು ಅಷ್ಟನ್ನೂ ಮೊರಕ್ಕೆ ಸುರುವಿದರು. ಅತ್ತೆಯ ಮುಖ ಕಪ್ಪಿಟ್ಟಿತು. ಎದ್ದು ಅಡುಗೆಮನೆಗೆ ಹೋದಳು.

"ಎಂಥಾ ದುಭಾಷಿ ಅದೀಯೋ ತಮ್ಮಾ!" ಎಂದು ನೆರೆಮನೆಯಾಕೆ ನನ್ನ ಮೇಲೆ ಬಿದ್ದಳು. "ತವರು ತುಂಬಿರ್ಲಿ ಅಂತ ಒಂದ ಚಿಟಿಕಿ ಅಕ್ಕಿ ಬಿಟ್ಟ ಹೋಗೂದು. ಎಲ್ಲಾ ಸುರುವಿದ್ರ ತವರ ಬ್ಯಾಡ ಅಂದಂಗ!"

ತಪ್ಪು ನನ್ನದು, ಚಿಟಿಕೆಯಷ್ಟೇ ಮರಳಿಸಬೇಕಿತ್ತು ಎಂದು ಬಾಯಿಯವರಿಗೆ ಹೇಳಿದೆ. ಹೊರಗೆ ಗಾಡಿಯವನು ಕೂಗುತ್ತಿದ್ದ. ಅವರು ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ಅಡುಗೆಮನೆಯ ಹೊಸ್ತಿಲ ಮುಂದೆ ನೆಲದ ಮೇಲೆ ಕುಳಿತು ಲಂಗದ ಮಡಿಲನ್ನೇ ಎರಡೂ ಕೈಯಿಂದ ಹಿಡಿದು ಚಾಚಿದರು.

ಅತ್ತೆ ತಿರುಗಿ ನೋಡಿದಳು. ಆಮೇಲೆ ನಕ್ಕಳು. "ಸೆರಗ ಇಲ್ಲ, ಏನಿಲ್ಲ, ಉಡಿ ಬೇಡಾಕತ್ತಾಳ ನೋಡ್ರಿ!"

"ಗಂಡಿಲ್ಲದಾಕಿಗೆ ಎಂಥಾ ಉಡಿ ಬೇ?" ಎಂದಳು ನೆರೆಮನೆಯಾಕೆ.

"ಮಗಳಿಗೆ ತುಂಬಾಕ ಗಂಡನ್ನ ಕೇಳಬೇಕೇನ?"

ಮತ್ತೆ ಮೊದಲಿಂದ ಎಲ್ಲ ನಡೆಯಿತು. ಈ ಸಲ ಬಾಯಿಯವರು ಚಿಟಿಕೆ ಅಕ್ಕಿಯನ್ನಷ್ಟೇ ಮರಳಿಸಿದರು. ಅತ್ತೆ ಒಳಗೆ ತಿರುಗಿ ಸೊಸೆಯನ್ನು ಕೂಗಿದಳು: "ಏಳವಾ, ಸೀರಿ ಗಂಟ ಕಟ್ಟು. ನಿನ್ನ ನಾದಿನಿ ಹೊಂಟಾಳ, ಆಕಿ ಕೂಡ ಹೋಗು."

ಗಾಡಿಯಲ್ಲಿ ಸೊಸೆ, ಆಕೆಯ ಗಂಟು, ಬಾಯಿಯವರು, ಔಷಧಿ ಪೆಟ್ಟಿಗೆ. ನನಗೆ ಜಾಗವಿಲ್ಲ. ಶಿಗ್ಗಾವಿಗೆ ನಡೆದೇ ಹೋದೆ. ಬಸ್ಸು ಹೋಗಿಬಿಟ್ಟಿತ್ತು, ಮರುದಿನದ ತನಕ ಕಾದೆವು. ತಿಂಗಳ ವರದಿಯಲ್ಲಿ 'ಮನವೊಲಿಸಿ ಕರೆತರಲಾಯಿತು' ಎಂದು ಬರೆದೆ. ಮನವೊಲಿಸಿದವರು ಯಾರೆಂದು ಬರೆಯಲಿಲ್ಲ.

ತಾಯಿ, ಮಗು ಇಬ್ಬರೂ ಉಳಿದರು. ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿಗೆ ಸರಿಯಾಗಿ ಅತ್ತೆ ಗಾಡಿ ಕಟ್ಟಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದಳು. ಸೊಸೆ, ಮೊಮ್ಮಗಳನ್ನು ಹಿಂದೆಯೇ ಒಯ್ದಾಗಿತ್ತಲ್ಲ, ಈಗೇನು ಎಂದು ಕೇಳಿದೆ.

"ಹಬ್ಬಕ್ಕ ಮಗಳನ್ನ ಕರಿಯಾಕ ಬಂದೇನ್ರಿ."

ರೋಗಿಗಳು ಸಾಲಾಗಿ ಕೂತಿದ್ದಾರೆಂದು ಎಷ್ಟೋ ವಿವರಿಸಿದೆ. ಆಕೆ ಕದಲಲಿಲ್ಲ. ಸಂಜೆ ಸಾಲು ಮುಗಿಯುವ ತನಕ ಕಾದು, ಬಾಯಿಯವರನ್ನು ಗಾಡಿ ಹತ್ತಿಸಿದಳು. ನಾನು ಮತ್ತೆ ಹಿಂದೆ ನಡೆದೆ.