ಮುನ್ನೂರು ವರ್ಷದ ವರ

ಗೆಳೆಯರೇ, ಇವತ್ತು ನನ್ನ ಹಾಸ್ಟೆಲ್ ವಾಸವೇ ತಪ್ಪಿಹೋಗುವುದರಲ್ಲಿತ್ತು. ಘತ್ತರಗಿ ಊರಿಗೆ ಹೋಗುವ ಬಸ್ಸಿನಲ್ಲಿ ಕೂತು, ನನ್ನಿಷ್ಟದ ಫ್ಯಾಂಟಸಿ ಸರಣಿಯ ಮಾಂತ್ರಿಕನು ಅಲ್ಲಿನ ರಾಣಿಯ ಕೈ ಹಿಡಿಯುವಂತೆ ನಾನೇ ಕಟ್ಟಿದ ಫ್ಯಾನ್‌ಫಿಕ್ಷನ್ ಕಥೆ ಟೈಪ್ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಅವ್ವ ಮೊಬೈಲಿಗೆ ಇಣುಕಿದಳು.

“ಯಾರ್ ಬೇ ಇಂವ, ಕೈ ಹಿಡಿಯಾಂವ?”

ನನಗೇ ಯಾರೋ ಹುಡುಗ ಸಿಕ್ಕಿದ್ದಾನೆಂದುಕೊಂಡರೆ ಹಾಸ್ಟೆಲ್ ಬಿಡಿಸುತ್ತಾಳೆಂದು ಗಡಬಡಿಸಿ ಹೇಳಿದೆ: “ಕಥಿ ಬರಿಯಾಕತ್ತೇನಿ ಅವ್ವಾ. ಇಂವ ಮಾಂತ್ರಿಕ. ಇವಗ ಮುನ್ನೂರು ವರ್ಷ, ರಾಣಿಗಿ ಮೂವತ್ತು.”

“ಅಯ್ಯ, ಅಷ್ಟು ಫರಕ್ಕಾ! ಇವಗ ಸಾವಿಲ್ಲೇನು?”

“ಇಲ್ಲ.”

ಅವ್ವ ಕಿಟಕಿಯಾಚೆಯ ಭೀಮಾ ನದಿಯನ್ನೇ ನೋಡಿದಳು. “ಹಂಗಾದ್ರ ಆಕಿ ಹೋದ ಮ್ಯಾಲ ಪಾಪ, ಒಬ್ಬನೇ ಆಗ್ತಾನಲ್ಲ.”

ನನಗೆ ಇದು ಹೊಳೆದೇ ಇರಲಿಲ್ಲ. ನೀರಿನ ಮೇಲಿನ ಬಿಸಿಲಲ್ಲಿ ಅವನು ಒಂಟಿಯಾಗಿ ನಿಂತಂತೆ ಕಂಡು ಕಣ್ಣು ತುಂಬಿದವು.

ಅವ್ವ ಅಷ್ಟರಲ್ಲಿ ಅವನಿಗೆ ಎರಡನೇ ಸಂಬಂಧ ನೋಡತೊಡಗಿದ್ದಳು. “ಜೇವರ್ಗಿ ಕಡಿ ಕೇಳೋಣ. ನೌಕರಿ ಏನ್ ಮಾಡ್ತಾನ?”

ಮಾಂತ್ರಿಕನ ನೌಕರಿ ಪರ್ಮನೆಂಟ್ ಆಗಿಲ್ಲವೆಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.